ಮನೆಯಲ್ಲೇ ಮಕ್ಕಳಿಗೆ ಪಾಠ: ಹೊಸದಾಗಿ ಶುರು ಮಾಡುವ ಕ್ರೈಸ್ತ ತಂದೆ ತಾಯಿಗೆ

ಮನೆಯಲ್ಲೇ ಓದಿಸೋಣ ಅಂತ ಮಗುವನ್ನು ಬಿಡಿಸಿ ಶಾಲೆಯಿಂದ ಟಿಸಿ ತಂದ ರಾತ್ರಿ ನಿದ್ದೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಆ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮೇಲೂ ಎರಡು ಸಲ ಎದ್ದು ಹೋಗಿ ನೋಡಿದ್ದೆ. ಮಗಳಿಗೆ ಆಗ 7 ವರ್ಷ, ಮಗನಿಗೆ 4. ನಾನು ಬಿ.ಎಡ್. ಮಾಡಿದವಳಲ್ಲ. ಬಾಣಸವಾಡಿಯಲ್ಲಿ ಎರಡು ರೂಮಿನ ಬಾಡಿಗೆ ಮನೆ. ನಮ್ಮನೆಯವರು ಬೆಳಿಗ್ಗೆ 8ಕ್ಕೆ ಹೊರಟರೆ ರಾತ್ರಿ 8ಕ್ಕೆ ಬರುವವರು. ‘ಕರ್ತನೇ, ಏನು ಮಾಡಿಬಿಟ್ಟೆ ನಾನು?’ ಅಂತ ಅಡುಗೆಮನೆಯಲ್ಲಿ ನಿಂತು ಪ್ರಾರ್ಥನೆ ಮಾಡಿದ್ದು ಇವತ್ತಿಗೂ ನೆನಪಿದೆ.

ಅದಾಗಿ 6 ವರ್ಷ ಆಯಿತು. ನಮ್ಮ ಸಭೆಯಲ್ಲೇ ಈ ವರ್ಷ ಇಬ್ಬರು ತಾಯಂದಿರು ಇದೇ ದಾರಿ ಹಿಡಿದಿದ್ದಾರೆ. ಇಬ್ಬರ ಮುಖದಲ್ಲೂ ಅದೇ ಭಯ ಕಂಡೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನೀವು ಶಾಲೆ ನಡೆಸಬೇಕಾಗಿಲ್ಲ. ನಿಮ್ಮ ಮನೆಯ ಒಂದು ದಿನವನ್ನು ನೆಟ್ಟಗೆ ನಡೆಸಿದರೆ ಸಾಕು. ಪಾಠ ಆ ದಿನದೊಳಗೇ ಜಾಗ ಮಾಡಿಕೊಳ್ಳುತ್ತದೆ.

ಹೆಜ್ಜೆ 1: ಯಾಕೆ ಅಂತ ಇಬ್ಬರೂ ಕೂತು ಬರೆಯಿರಿ

ಗಂಡ ಹೆಂಡತಿ ಇಬ್ಬರೂ. ಒಬ್ಬರೇ ಬರೆದರೆ ಮೂರನೇ ತಿಂಗಳಲ್ಲಿ ಜಗಳ ಗ್ಯಾರಂಟಿ. ಒಂದೇ ಪುಟ ಸಾಕು. ‘ಶಾಲೆ ಸರಿಯಿಲ್ಲ’ ಅನ್ನುವುದು ಕಾರಣ ಅಲ್ಲ, ಅದು ಸಿಟ್ಟು. ಸಿಟ್ಟು ಇಳಿದ ಮೇಲೆ ಏನು ಉಳಿಯುತ್ತದೋ ಅದನ್ನು ಬರೆಯಿರಿ. ನಮ್ಮ ಪುಟದಲ್ಲಿ ಮೂರು ಸಾಲು ಇತ್ತು: ಮಗಳು ಹೆದರದೆ ಓದಬೇಕು, ಕನ್ನಡದಲ್ಲಿ ಸತ್ಯವೇದ ಓದಿ ಅರ್ಥ ಮಾಡಿಕೊಳ್ಳಬೇಕು, ಅಪ್ಪ ಅಮ್ಮನ ಜೊತೆ ಮಾತಾಡುವ ಮಗು ಆಗಬೇಕು. ಆ ಪುಟ ಇನ್ನೂ ನನ್ನ ಬೈಬಲ್‌ನಲ್ಲೇ ಇದೆ, ಧರ್ಮೋಪದೇಶಕಾಂಡದ 6ನೇ ಅಧ್ಯಾಯದ ಹತ್ತಿರ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಅನ್ನುವ ಮಾತು ಅಲ್ಲೇ ಬರುವುದು. ಗಮನಿಸಿ, ಅಲ್ಲಿ ಬೆಂಚು, ಬೋರ್ಡಿನ ಮಾತೇ ಇಲ್ಲ. ಕೂರುವುದು, ನಡೆಯುವುದು, ಮಲಗುವುದು, ಏಳುವುದು ಅಷ್ಟೇ.

ಇಬ್ಬರಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೆ ದಯವಿಟ್ಟು ಈಗಲೇ ಟಿಸಿ ತರಬೇಡಿ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮಾಡಿ ನೋಡಿ. ಶಾಲೆಗೆ ಕಳಿಸುವುದೂ ಪಾಪ ಅಲ್ಲ. ನಮ್ಮ ಸಭೆಯ ಎಷ್ಟೋ ಒಳ್ಳೆಯ ಮಕ್ಕಳು ಶಾಲೆಗೇ ಹೋಗುವವರು.

ಹೆಜ್ಜೆ 2: ಕಾನೂನು, ಕಾಗದ ಪತ್ರ

ಇದನ್ನು ಮುಚ್ಚಿಡದೆ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಸಿಗಬೇಕು ಅನ್ನುತ್ತದೆ. ಅದರ 10ನೇ ಸೆಕ್ಷನ್ ಪ್ರಕಾರ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಹಾಗೆ ಮಾಡದ ಪೋಷಕರಿಗೆ ಇಂಥ ಶಿಕ್ಷೆ ಅಂತ ಕಾಯ್ದೆ ಹೇಳಿಲ್ಲ. ಹಾಗಂತ ಮನೆಪಾಠಕ್ಕೆ, ಅಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದಕ್ಕೆ, ಅನುಮತಿಯನ್ನೂ ಕೊಟ್ಟಿಲ್ಲ. ಹಾಗಾಗಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಿಕೊಂಡು ಯಾರಾದರೂ ಬಾಗಿಲಿಗೆ ಬಂದರೆ ಗಾಬರಿ ಬೇಡ. ಒಳಗೆ ಕರೆದು, ನೀರು ಕೊಟ್ಟು, ಮಗುವಿನ ಪುಸ್ತಕ ತೋರಿಸಿ. ತೋರಿಸಲು ಏನಾದರೂ ಇರಬೇಕು, ಅಲ್ವಾ? ಅದಕ್ಕೇ ಫೈಲ್ ಬೇಕು.

ಒಂದು ದಪ್ಪ ಫೈಲ್ ತನ್ನಿ. ಜನನ ಪ್ರಮಾಣ ಪತ್ರ, ಆಧಾರ್, ಟಿಸಿ, ಹಳೆಯ ಅಂಕಪಟ್ಟಿ, ಲಸಿಕೆ ಕಾರ್ಡ್ ಎಲ್ಲ ಅದರಲ್ಲಿ. ಅದರ ಹಿಂದೆ ತಿಂಗಳಿಗೆ ನಾಲ್ಕೈದು ಹಾಳೆ: ಮಗು ಬರೆದ ಒಂದು ಪುಟ, ಮಾಡಿದ ಒಂದು ಲೆಕ್ಕ, ಒಂದು ಚಿತ್ರ, ಓದಿದ ಪುಸ್ತಕಗಳ ಹೆಸರು. ಪ್ರತಿ ಹಾಳೆಯ ಮೇಲೂ ತಾರೀಖು.

ಇನ್ನೊಂದು ಸಮಾಧಾನದ ಮಾತು. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಅಂದರೆ ವಾಪಸ್ ಹೋಗುವ ಬಾಗಿಲು ಮುಚ್ಚಿಲ್ಲ. ನನಗೆ ಇದು ಗೊತ್ತಾದ ದಿನ ಅರ್ಧ ಭಾರ ಇಳಿಯಿತು.

ಹೆಜ್ಜೆ 3: ಮೊದಲ ತಿಂಗಳು ಸುಮ್ನೆ ಬಿಡಿ

ಶಾಲೆ ಬಿಡಿಸಿದ ಮಾರನೇ ದಿನವೇ ಟೈಮ್‌ಟೇಬಲ್ ಗೋಡೆಗೆ ಅಂಟಿಸಬೇಡಿ. ನಾನು ಅಂಟಿಸಿದ್ದೆ. 9ರಿಂದ 3, 8 ಪೀರಿಯಡ್. ಐದನೇ ದಿನಕ್ಕೆ ಇಬ್ಬರೂ ಅಳುತ್ತಿದ್ದೆವು.

ಆ ತಿಂಗಳಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡಲಿ. ನಿಮ್ಮ ಜೊತೆ ತರಕಾರಿ ಹೆಚ್ಚಲಿ. ದಿನಕ್ಕೆ ಒಂದು ಕಥೆ ಗಟ್ಟಿಯಾಗಿ ಓದಿ ಹೇಳಿ, ರಾತ್ರಿ ಕುಟುಂಬ ಪ್ರಾರ್ಥನೆ ತಪ್ಪಿಸಬೇಡಿ. ಅಷ್ಟು ಸಾಕು. ನೀವು ಮಾತ್ರ ಒಂದು ಕೆಲಸ ಮಾಡಿ, ಗಮನಿಸಿ. ಮಗು ಯಾವ ಹೊತ್ತಿನಲ್ಲಿ ಚುರುಕು? ಯಾವಾಗ ರಗಳೆ? ಯಾವುದನ್ನು ಕೇಳದೇ ತಾನೇ ಮಾಡುತ್ತದೆ? ನನ್ನ ಮಗನಿಗೆ ತಿಂಡಿ ಆದ ತಕ್ಷಣ ಅಕ್ಷರ ಹತ್ತುವುದಿಲ್ಲ, ಆಟ ಆಡಿ ಬೆವರಿದ ಮೇಲೆ ಹತ್ತುತ್ತದೆ ಅಂತ ನನಗೆ ತಿಳಿದದ್ದು ಹೀಗೇ.

ಹೆಜ್ಜೆ 4: ದಿನವನ್ನು ಹೊಲಿಯಿರಿ

ಎರಡನೇ ತಿಂಗಳಿಂದ ದಿನಕ್ಕೆ ಮೂರು ಗೂಟ ಹೊಡೆಯಿರಿ: ಬೆಳಗಿನ ಪ್ರಾರ್ಥನೆ, ಮಧ್ಯಾಹ್ನದ ಊಟ, ರಾತ್ರಿ ಓದು. ಇವು ಅಲುಗಬಾರದು. ಇವುಗಳ ನಡುವಿನದ್ದು ಹಿಂದೆ ಮುಂದೆ ಆಗಲಿ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ದಿನ ಬೇರೆ, ಕರೆಂಟು ಹೋಗುವ ಹೊತ್ತು ಬೇರೆ. ಗಡಿಯಾರ ಹಿಡಿದು ಕೂತರೆ ಸೋಲುತ್ತೀರಿ. ಒಂದಾದ ಮೇಲೆ ಒಂದು ಅನ್ನುವ ಕ್ರಮ ಇಟ್ಟುಕೊಂಡರೆ ಸೋಲುವುದಿಲ್ಲ.

ಪಾಠ ಚಿಕ್ಕದಿರಲಿ. ಇಂಗ್ಲೆಂಡಿನ ಶಾರ್ಲೆಟ್ ಮೇಸನ್ (1842–1923) ಅನ್ನುವ ಶಿಕ್ಷಕಿ ಸಣ್ಣ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟಬಾರದು ಅನ್ನುತ್ತಿದ್ದರು. ಆಕೆಯೂ ದೇವಭಕ್ತೆ. ನಾನು ಇದನ್ನು ಅಡುಗೆಮನೆಯ ಟೈಮರ್ ಇಟ್ಟು ಮಾಡಿದೆ. 7 ವರ್ಷದ ಮಗುವಿಗೆ ಕನ್ನಡ 20 ನಿಮಿಷ, ಲೆಕ್ಕ 20, ಇಂಗ್ಲಿಷ್ 20, ಗಟ್ಟಿ ಓದು ಅರ್ಧ ಗಂಟೆ. ಒಟ್ಟು ಒಂದೂವರೆ ಗಂಟೆ. ‘ಇಷ್ಟೇನಾ?’ ಅಂತ ನಿಮಗೆ ಅನಿಸುತ್ತದೆ. 40 ಮಕ್ಕಳ ಕ್ಲಾಸಿನಲ್ಲಿ ಹಾಜರಿ, ಸಾಲು, ಗಲಾಟೆ, ಕಾಯುವುದು ಎಲ್ಲ ಕಳೆದು, ಒಂದು ಮಗುವಿನ ಪಾಲಿಗೆ ಟೀಚರ್ ಎಷ್ಟು ನಿಮಿಷ ಸಿಗುತ್ತಾರೆ ಯೋಚಿಸಿ. ನಿಮ್ಮ ಮಗುವಿಗೆ ನೀವು ಪೂರ್ತಿ ಸಿಗುತ್ತಿದ್ದೀರಿ.

ಎರಡು ಮೂರು ಮಕ್ಕಳಿದ್ದರೆ ಸೂಸನ್ನಾ ವೆಸ್ಲಿ ನೆನಪಿಸಿಕೊಳ್ಳಿ. ಮೆಥೋಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ. 300 ವರ್ಷದ ಹಿಂದೆ, ಮನೆ ತುಂಬ ಮಕ್ಕಳನ್ನು ಮನೆಯಲ್ಲೇ ಓದಿಸಿದವರು. ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಒಬ್ಬರೇ ಕೂತು ಮಾತಾಡುತ್ತಿದ್ದರು. ಜಾನ್‌ನ ಸರದಿ ಗುರುವಾರ. ನಮ್ಮ ಊರಿನ ಹಡ್ಸನ್ ಸ್ಮಾರಕ ಚರ್ಚು ಆ ವೆಸ್ಲಿಯ ಹೆಸರಿನ ಮಿಷನ್‌ನವರು ಕಟ್ಟಿದ್ದು. ಅದರ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಆ ತಾಯಿಯ ಗುರುವಾರ ನೆನಪಾಗುತ್ತದೆ. ನಮ್ಮನೆಯಲ್ಲಿ ಮಗಳದ್ದು ಮಂಗಳವಾರ, ಮಗನದ್ದು ಶುಕ್ರವಾರ. ಪಾಠ ಇಲ್ಲ, ಬುದ್ಧಿವಾದ ಇಲ್ಲ. ತಾರಸಿ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ಮಾತು, ಅಷ್ಟೇ.

ಹೆಜ್ಜೆ 5: ಕನ್ನಡ ಮತ್ತು ಲೆಕ್ಕ, ಮೊದಲ ವರ್ಷ ಇವೆರಡೇ ಮುಖ್ಯ

ವಿಜ್ಞಾನ, ಸಮಾಜ ಎಲ್ಲ ಗಟ್ಟಿ ಓದಿನಲ್ಲಿ, ತಿರುಗಾಟದಲ್ಲಿ ಬರುತ್ತದೆ. ಓದು ಮತ್ತು ಲೆಕ್ಕ ಕಾಲು ಊರಿದರೆ ಉಳಿದದ್ದು ತಾನಾಗಿ ನಡೆಯುತ್ತದೆ. ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಕರ್ನಾಟಕದ ಪಠ್ಯಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಿದೇಶದ ಕ್ರೈಸ್ತ ಪಠ್ಯಕ್ರಮದ ದೊಡ್ಡ ದೊಡ್ಡ ಡಬ್ಬ ತರಿಸುವವರನ್ನು ನೋಡಿದ್ದೇನೆ. ಮೊದಲ ವರ್ಷ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಹಿಮ ಬೀಳುತ್ತದೆ, ಡಾಲರ್‌ನಲ್ಲಿ ಲೆಕ್ಕ ಇರುತ್ತದೆ. ನಮ್ಮ ಮಗುವಿಗೆ ಬೇಕಾದದ್ದು ಮುಂಗಾರು ಮತ್ತು ರೂಪಾಯಿ.

ಕನ್ನಡದಲ್ಲಿ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ನನ್ನ ಮಗಳು ಕಾಗುಣಿತ ಪಟಪಟ ಹೇಳುತ್ತಿದ್ದಳು. ಆದರೆ ಕೀರ್ತನೆ ಪುಸ್ತಕದಲ್ಲಿ ‘ಸ್ತೋತ್ರ’ ಬಂದರೆ ‘ಸೋತರ’ ಅನ್ನುತ್ತಿದ್ದಳು. ಒಂದು ದಿನ ಆ ಒಂದೇ ಪದ ಹಿಡಿದು ಕೂತೆವು. ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿದೆ. ಒಂದು ಚೀಟಿಯಲ್ಲಿ ‘ಸೋ’. ಅದರ ಬುಡಕ್ಕೆ ಇಡಲು ತ-ಒತ್ತಿನ ಚೀಟಿ. ಇನ್ನೊಂದರಲ್ಲಿ ‘ತ’, ಅದರ ಬುಡಕ್ಕೆ ರ-ಒತ್ತು. ‘ಮೇಲಿನವನು ಮೊದಲು ಮಾತಾಡ್ತಾನೆ, ಕೆಳಗಿನವನು ತಕ್ಷಣ ಅವನ ಹಿಂದೆಯೇ’ ಅಂದೆ. ಸ್... ತೋ. ಸ್ತೋ. ತ್... ರ. ತ್ರ. ಮೂರನೇ ಸಲಕ್ಕೆ ಸರಿಯಾಗಿ ಹೇಳಿದಳು. ಆಮೇಲೆ ‘ಕ್ರಿಸ್ತ’ ಕೊಟ್ಟೆ, ಅದರಲ್ಲೂ ಎರಡು ಒತ್ತು. ಆಮೇಲೆ ‘ಸ್ವಾಮಿ’. ಆ ಭಾನುವಾರ ಸಭೆಯಲ್ಲಿ ಬೆರಳಿಟ್ಟುಕೊಂಡು ಒಂದು ಕೀರ್ತನೆಯನ್ನು ಪೂರ್ತಿ ಓದಿ ಹಾಡಿದಳು. ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ‘ಮಗುನ ಶಾಲೆ ಬಿಡಿಸಿಬಿಟ್ಟಳು’ ಅಂತ ನನ್ನ ಮೇಲೆ ಮುನಿಸಿಕೊಂಡಿದ್ದವರು ಅವರು.

ದಿನವೂ ಓದಿದ್ದನ್ನು ತಿರುಗಿ ಹೇಳಿಸಿ. ಪ್ರಶ್ನೆ ಕೇಳಬೇಡಿ. ‘ಏನು ಕೇಳಿದೆಯೋ ನಿನ್ನ ಮಾತಲ್ಲಿ ಹೇಳು’ ಅನ್ನಿ. ಮೊದಲ ವಾರ ಎರಡು ವಾಕ್ಯ ಬರುತ್ತದೆ. ಆರು ತಿಂಗಳಿಗೆ ನೀವೇ ಮರೆತ ವಿವರಗಳು ಬರುತ್ತವೆ.

ಲೆಕ್ಕಕ್ಕೆ ತೆಂಗಿನ ಪೊರಕೆ ಕಡ್ಡಿ ಸಾಕು. 42ರಲ್ಲಿ 17 ಕಳೆ ಅಂದರೆ ಮಗಳು 35 ಅಂತ ಬರೆಯುತ್ತಿದ್ದಳು. 2ರಲ್ಲಿ 7 ಹೋಗದಿದ್ದಾಗ 7ರಲ್ಲಿ 2 ಕಳೆದುಬಿಡುತ್ತಿದ್ದಳು. ಎಷ್ಟೋ ಮಕ್ಕಳು ಹೀಗೇ ಮಾಡುತ್ತಾರೆ. ಬೈದರೆ ಅದು ಹೋಗುವುದಿಲ್ಲ. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಮುಂದೆ ಇಟ್ಟೆ. ‘17 ನನಗೆ ಕೊಡು’ ಅಂದೆ. ಬಿಡಿ ಎರಡೇ ಇದೆ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಕಿತ್ತಳು. ಈಗ ಬಿಡಿ 12. ಅದರಲ್ಲಿ 7 ಕೊಟ್ಟಳು, ಒಂದು ಕಟ್ಟು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಬಿಡಿ. ‘25 ಅಮ್ಮಾ!’ ಎರಡು ವಾರ ಕಡ್ಡಿಯಲ್ಲೇ ಮಾಡಿಸಿ, ಆಮೇಲೆ ಪುಸ್ತಕದಲ್ಲಿ ಬರೆಸಿ. ಅವಸರ ಬೇಡ.

ಭಿನ್ನರಾಶಿಗೆ ನಮ್ಮ ಕನ್ನಡವೇ ಅರ್ಧ ಪಾಠ ಮಾಡಿಟ್ಟಿದೆ. ಅರ್ಧ, ಕಾಲು, ಮುಕ್ಕಾಲು ಅಂದರೆ ಮೂರು ಕಾಲು, ಅರೆಕಾಲು ಅಂದರೆ ಕಾಲಿನ ಅರ್ಧ. ಒಂದು ದೋಸೆ ಹಾಕಿ ಕತ್ತರಿಸಿ ತೋರಿಸಿ. ತರಕಾರಿ ಅಂಗಡಿಯಲ್ಲಿ ‘ಮುಕ್ಕಾಲು ಕೆಜಿ ಹುರುಳಿಕಾಯಿ’ ಅಂತ ಮಗುವಿನ ಕೈಯಲ್ಲೇ ಕೇಳಿಸಿ, ದುಡ್ಡನ್ನೂ ಅದೇ ಲೆಕ್ಕ ಹಾಕಲಿ.

ಹೆಜ್ಜೆ 6: ದೇವರ ವಾಕ್ಯವನ್ನು ಬೆತ್ತ ಮಾಡಬೇಡಿ

ಈ ಹೆಜ್ಜೆಯನ್ನು ದಯವಿಟ್ಟು ನಿಧಾನವಾಗಿ ಓದಿ. ನಾವು ಮನೆಪಾಠಕ್ಕೆ ಬರುವುದು ಮಕ್ಕಳು ಕರ್ತನನ್ನು ಪ್ರೀತಿಸಲಿ ಅಂತ. ಆದರೆ ದಿನವಿಡೀ ಜೊತೆಗೇ ಇರುವಾಗ, ಮಗು ಹಟ ಮಾಡಿದಾಗಲೆಲ್ಲ ‘ತಂದೆ ತಾಯಿಯನ್ನು ಸನ್ಮಾನಿಸು ಅಂತ ಬೈಬಲ್‌ನಲ್ಲಿ ಏನಿದೆ?’ ಅನ್ನುವುದು ಅಭ್ಯಾಸ ಆಗಿಬಿಡುತ್ತದೆ. ನನಗೂ ಆಗಿತ್ತು. ತಪ್ಪಿಗೆ ಶಿಕ್ಷೆ ಅಂತ ವಾಕ್ಯವನ್ನು ಹತ್ತು ಸಲ ಬರೆಸಿದ್ದೆ. ಆ ವಾಕ್ಯ ಕೇಳಿದರೆ ಮಗಳು ಮುಖ ತಿರುಗಿಸುತ್ತಿದ್ದಳು. ಅವತ್ತು ಅವಳ ಹತ್ತಿರ ಕ್ಷಮೆ ಕೇಳಿದೆ. ಶಿಕ್ಷೆಗೆ ವಾಕ್ಯ ಬರೆಸುವುದನ್ನು ಅಲ್ಲಿಗೇ ನಿಲ್ಲಿಸಿದೆ. ತಾಯಿ ಮಗುವಿನ ಮುಂದೆ ಕ್ಷಮೆ ಕೇಳುವುದಕ್ಕಿಂತ ಒಳ್ಳೆಯ ಸುವಾರ್ತೆಯ ಪಾಠ ನನಗೆ ಗೊತ್ತಿಲ್ಲ.

ಈಗ ಮಾಡುವುದು ಇಷ್ಟು. ಬೆಳಿಗ್ಗೆ ಒಂದು ಸುವಾರ್ತೆಯಿಂದ ಏಳೆಂಟು ವಚನ. ಮಾರ್ಕನಿಂದ ಶುರು ಮಾಡಿ, ಕಥೆ ಬೇಗ ಬೇಗ ಓಡುತ್ತದೆ, ಮಕ್ಕಳಿಗೆ ಹಿಡಿಸುತ್ತದೆ. ಒಬ್ಬರು ಓದುವುದು, ಒಬ್ಬರು ತಿರುಗಿ ಹೇಳುವುದು, ಒಬ್ಬರು ಪ್ರಾರ್ಥಿಸುವುದು. ಹತ್ತು ನಿಮಿಷ. ವಾರಕ್ಕೆ ಒಂದೇ ಕಂಠಪಾಠ ವಾಕ್ಯ, ಅದನ್ನು ಅಮ್ಮನೂ ಕಲಿಯಬೇಕು. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅಂತ ಪೌಲ ಬರೆಯುತ್ತಾನೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಬಾಯಿಂದ ಬೈಬಲ್ ಕಥೆ ಹೇಳಿಸಿ. ನಮ್ಮತ್ತೆ ಯೋಸೇಫನ ಕಥೆ ಹೇಳುವಾಗ ಮಕ್ಕಳು ಊಟವನ್ನೇ ಮರೆಯುತ್ತಾರೆ.

ಹೆಜ್ಜೆ 7: ಊರನ್ನೇ ಪುಸ್ತಕ ಮಾಡಿಕೊಳ್ಳಿ

ವಾರಕ್ಕೆ ಒಂದು ದಿನ ಹೊರಗೆ. ಶಾಲೆ ಇರುವ ದಿನಗಳಲ್ಲಿ ಕಬ್ಬನ್ ಪಾರ್ಕು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ ಎಲ್ಲ ಖಾಲಿ ಇರುತ್ತವೆ. ಇದು ನಮಗೆ ಸಿಕ್ಕ ಸೌಭಾಗ್ಯ. ಎಂ.ಜಿ. ರಸ್ತೆಗೆ ಹೋದರೆ ಕಿಟ್ಟೆಲ್ ಪ್ರತಿಮೆ ತೋರಿಸಿ. ಜರ್ಮನಿಯಿಂದ ಮಿಷನರಿಯಾಗಿ ಬಂದು, ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದವರು. ‘ಬೇರೆ ದೇಶದವರು ಇಷ್ಟು ಕನ್ನಡ ಕಲಿತರಾ?’ ಅಂತ ಮಗ ಕೇಳಿದ. ಅವತ್ತಿಂದ ಗೊತ್ತಿಲ್ಲದ ಪದಗಳಿಗೆ ಅವನದ್ದೇ ಒಂದು ಪುಸ್ತಕ ಇದೆ.

ಲಾಲ್‌ಬಾಗ್ ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ‘ಆ ಲೆಕ್ಕ ಮಕ್ಕಳಿಗೆ ಹೇಳಬೇಡಿ, ಆದಿಕಾಂಡದಲ್ಲಿ ಗೊಂದಲ ಆಗುತ್ತೆ’ ಅಂತ ಕೆಲವರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಇವತ್ತು ನಾವು ಮುಚ್ಚಿಟ್ಟರೆ 16ನೇ ವಯಸ್ಸಿನಲ್ಲಿ ಬೇರೆಯವರು ಹೇಳುತ್ತಾರೆ. ಆಗ ಮಗು ಬಂಡೆಯನ್ನಲ್ಲ, ನಮ್ಮನ್ನು ಅನುಮಾನಿಸುತ್ತದೆ. ವಿಜ್ಞಾನ ಹೇಳುವುದನ್ನು ನೇರವಾಗಿ ಹೇಳಿ. ಬಂಡೆ ಮೇಲೆ ಕೂತು ಕೀರ್ತನೆಯನ್ನೂ ಹಾಡಿ.

ಹೆಜ್ಜೆ 8: ಜನರ ಮಾತು, ಮಕ್ಕಳ ಗೆಳೆತನ

‘ಯಾಕಮ್ಮ, ಪಾಪುನ ಶಾಲೆಗೆ ಕಳ್ಸಲ್ವಾ?’ ಓಣಿಯಲ್ಲಿ ದಿನಕ್ಕೊಬ್ಬರು ಕೇಳುತ್ತಾರೆ. ವಾದಕ್ಕೆ ಇಳಿಯಬೇಡಿ. ‘ಮನೇಲೇ ಓದಿಸ್ತಿದ್ದೀವಿ ಆಂಟಿ, ಚೆನ್ನಾಗಿ ನಡೀತಿದೆ, ನಿಮ್ಮ ಮೊಮ್ಮಗಳು ಹೇಗಿದ್ದಾಳೆ?’ ಅಂದರೆ ಮುಗಿಯಿತು. ಅತ್ತೆ ಮಾವನ ವಿಷಯ ಬೇರೆ. ಅವರಿಗೆ ಉತ್ತರ ಬೇಡ, ಕೆಲಸ ಕೊಡಿ. ಮಾವನವರು ದಿನ 15 ನಿಮಿಷ ಪೇಪರ್ ಓದಿಸಲಿ.

ಗೆಳೆಯರು ಮಾತ್ರ ನಿಜವಾದ ಚಿಂತೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಭಾನುವಾರದ ಸಂಡೇ ಸ್ಕೂಲ್ ಮತ್ತು ಬೇಸಿಗೆಯ ವಿಬಿಎಸ್ (ರಜೆಯಲ್ಲಿ ಸಭೆ ನಡೆಸುವ ಬೈಬಲ್ ಶಾಲೆ) ಸಾಕಾಗುವುದಿಲ್ಲ. ದಿನವೂ ಸಂಜೆ 5ರಿಂದ 6:30 ಓಣಿಯ ಮಕ್ಕಳ ಜೊತೆ ಆಟಕ್ಕೆ ಬಿಡಿ, ಎಲ್ಲ ಧರ್ಮದ, ಎಲ್ಲ ಭಾಷೆಯ ಮಕ್ಕಳ ಜೊತೆ. ರಂಜಾನ್‌ಗೆ ಪಕ್ಕದ ಮನೆಯಿಂದ ಬಂದ ಡಬ್ಬದಲ್ಲಿ ಕ್ರಿಸ್‌ಮಸ್‌ಗೆ ಕಲ್‌ಕಲ್ ಅನ್ನುವ ನಮ್ಮ ಹಬ್ಬದ ಸಿಹಿತಿಂಡಿ ತುಂಬಿ ಕೊಡುವುದು ಮಕ್ಕಳ ಕೆಲಸವೇ ಆಗಿರಲಿ. ಮನೆಪಾಠ ಮಾಡುವುದು ಲೋಕದಿಂದ ಬಚ್ಚಿಡುವುದಕ್ಕೆ ಅಲ್ಲ.

ಹೆಜ್ಜೆ 9: 10ನೇ ತರಗತಿ ಹೇಗೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ನಮ್ಮ ಮಗಳಿಗೆ ಈಗ 13, ಹಾಗಾಗಿ ನಮ್ಮನೆಯಲ್ಲೂ ಇದೇ ಮಾತು. ಮನೆಯಲ್ಲಿ ಓದುವ ಹೆಚ್ಚಿನ ಮಕ್ಕಳು ಹೋಗುವುದು ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಿನಲ್ಲೇ ಪ್ರಾದೇಶಿಕ ಕೇಂದ್ರ ಇದೆ. 14 ವರ್ಷ ತುಂಬಿದರೆ 10ನೇ ತರಗತಿಗೆ ನೋಂದಾಯಿಸಬಹುದು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಭಾಷೆ ಇರಲೇಬೇಕು, ಕನ್ನಡವನ್ನೂ ತೆಗೆದುಕೊಳ್ಳಬಹುದು. ಪಾಸಿಗೆ ಶೇ. 33. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ನೋಂದಣಿ 5 ವರ್ಷ ನಡೆಯುತ್ತದೆ, ಹಾಗಾಗಿ ಐದನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಎರಡು ವಿಷಯ ಈಗ, ಮೂರು ಆಮೇಲೆ ಅಂತ ಹಂಚಿಕೊಳ್ಳಬಹುದು.

ಒಂದು ಎಚ್ಚರಿಕೆ. ಮುಂದೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ರಾಜ್ಯದ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಸೀಟು ಬೇಕಾದರೆ, ಕರ್ನಾಟಕದ ಮಾನ್ಯತೆ ಇರುವ ಶಾಲೆಗಳಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಅನ್ನುವುದು ಮುಖ್ಯ ಅರ್ಹತೆಗಳಲ್ಲಿ ಒಂದು. ಬೇರೆ ಷರತ್ತುಗಳ ಮೇಲೂ ಅರ್ಹತೆ ಸಿಗಬಹುದು. ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಕೊಡುವ ಮಾಹಿತಿ ಪುಸ್ತಕವನ್ನು ಮಗು 7ನೇ ತರಗತಿಯ ವಯಸ್ಸಿನಲ್ಲಿ ಇರುವಾಗಲೇ ಓದಿ. ಪಿಯುಸಿ ಮುಗಿದ ಮೇಲೆ ಗೊತ್ತಾದರೆ ಏನೂ ಮಾಡಲು ಆಗುವುದಿಲ್ಲ.

ಹೆಜ್ಜೆ 10: ಕೆಟ್ಟ ದಿನ ಬಂದಾಗ

ಬರುತ್ತದೆ. ಕುಕ್ಕರ್ ಕೂಗುತ್ತಿರುತ್ತದೆ, ಚಿಕ್ಕವನು ಹಾಲು ಚೆಲ್ಲಿರುತ್ತಾನೆ, ದೊಡ್ಡವಳು ಪೆನ್ಸಿಲ್ ಎಸೆದಿರುತ್ತಾಳೆ, ನಿಮ್ಮ ದನಿ ಏರಿರುತ್ತದೆ. ಆಗ ಪುಸ್ತಕ ಮುಚ್ಚಿ. ಎಲ್ಲರೂ ಮುಖ ತೊಳೆದುಕೊಳ್ಳಿ. ಒಂದು ಲೋಟ ಕಾಫಿ ಕುಡಿದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವುದಾದರೂ ಒಳ್ಳೆಯ ಕಥೆ ಗಟ್ಟಿಯಾಗಿ ಓದಿ. ಅವತ್ತಿನ ಪಾಠ ಅಷ್ಟೇ. ಅದನ್ನೂ ತಾರೀಖು ಹಾಕಿ ಫೈಲಿನಲ್ಲಿ ಬರೆಯಿರಿ, ಅದೂ ಓದೇ.

ಮತ್ತೆ, ಒಬ್ಬರೇ ಹೊರಬೇಡಿ. ಸಭಾಪಾಲಕರಿಗೆ ಹೇಳಿ, ಪ್ರಾರ್ಥನೆಗೆ ಕೇಳಿ. ಇದೇ ದಾರಿಯಲ್ಲಿರುವ ಇನ್ನೊಬ್ಬ ತಾಯಿಯನ್ನು ಹುಡುಕಿಕೊಂಡು ಹದಿನೈದು ದಿನಕ್ಕೊಮ್ಮೆ ಭೇಟಿ ಮಾಡಿ. ಶನಿವಾರ ಬೆಳಿಗ್ಗೆ ಎರಡು ಗಂಟೆ ಮಕ್ಕಳು ಅಪ್ಪನ ಪಾಲಿಗೆ, ಮನೆ ಬಿಟ್ಟು ಹೊರಡುವುದು ನಿಮ್ಮ ಪಾಲಿಗೆ. ನಮ್ಮನೆಯವರು ಆ ಹೊತ್ತಿನಲ್ಲಿ ಮಕ್ಕಳಿಗೆ ಸ್ಕೂಟರ್ ಪ್ಲಗ್ ಬಿಚ್ಚಿ ಒರೆಸಿ ಹಾಕುವುದು ಕಲಿಸಿದ್ದಾರೆ. ನಾನು ವಾಪಸ್ ಬರುವಷ್ಟರಲ್ಲಿ ಇಬ್ಬರ ಕೈಯೂ ಕಪ್ಪಗಿರುತ್ತದೆ. ಮಗಳು ಆ ಕೈಯಲ್ಲೇ ಬಾಗಿಲು ತೆಗೆಯುತ್ತಾಳೆ.